ಯಂತ್ರ ಬಂತು, ನಡೆಸುವವರು ಬೇಕು

ಐ.ಟಿ.ಐ. ಮುಗಿಸಿದ ಹುಡುಗ ಕೆಲಸಕ್ಕೆ ಕೊಲ್ಹಾಪುರದ ಬಸ್ಸನ್ನೇ ಹಿಡೀಬೇಕೇನ್ರಿ? ನಿಪ್ಪಾಣಿ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಬರುವ ಪ್ರಶ್ನೆ ಇದು.

ದುಡ್ಡು ಬಂದಿಲ್ಲ ಅನ್ನುವಂತಿಲ್ಲ. 4,600 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ರಾಜ್ಯದ 150 ಐ.ಟಿ.ಐ.ಗಳನ್ನು ಹೊಸದಾಗಿ ಸಜ್ಜುಗೊಳಿಸಿ, 2022ರ ಜೂನ್‌ನಲ್ಲಿ ಉದ್ಘಾಟನೆಯನ್ನೂ ಮಾಡಲಾಯಿತು. ಆದರೆ ಯಂತ್ರ ತಾನೇ ಪಾಠ ಹೇಳೀತೇ? ಸಂಸ್ಥೆ ನಡೆಸುವ ಪ್ರಾಚಾರ್ಯರಿಗೆ ಫೈಲಿನ ಜತೆ ಸೀಮೆಯ ಕಸುಬೂ ಗೊತ್ತಿರಬೇಕು.

ನಮ್ಮದು ಕಬ್ಬಿನ ನಾಡು. ಕಾಗವಾಡ ತಾಲೂಕಿನ ಉಗಾರದಿಂದ ಅಥಣಿ, ರಾಯಬಾಗ, ಚಿಕ್ಕೋಡಿ ತನಕ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಗಾಣ ಬಿಚ್ಚಿ ರಿಪೇರಿ ನಡೆಯುತ್ತದೆ. ಫಿಟ್ಟರ್, ವೆಲ್ಡರ್, ಟರ್ನರ್ ಕಲಿಯುವವರಿಗೆ ಅದಕ್ಕಿಂತ ದೊಡ್ಡ ಶಾಲೆ ಯಾವುದು? ಆ ತಿಂಗಳುಗಳನ್ನು ಲೆಕ್ಕ ಹಾಕಿ, ಕಾರ್ಖಾನೆಯ ಗೇಟಿಗೆ ತಾವೇ ಹೋಗಿ ಹುಡುಗರಿಗೆ ಜಾಗ ಕೇಳುವವರೇ ನಿಜವಾದ ಮುಖ್ಯಸ್ಥರು. ಕೇಳೋದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ಬಲವೂ ಇದೆ.

ಇನ್ನೆರಡು ಮಾತು. ಕಲಿಸುವವರನ್ನೂ ಆಗಾಗ ಕಾರ್ಖಾನೆಗೆ ಕಳಿಸಬೇಕು. ಪಾಸಾದ ಹುಡುಗ ಎಲ್ಲಿ, ಎಷ್ಟು ಪಗಾರಕ್ಕೆ ದುಡಿಯುತ್ತಿದ್ದಾನೆ ಎಂಬ ದಾಖಲೆ ಇಡಬೇಕು. ಎಷ್ಟು ಮಂದಿ ಪಾಸಾದರು ಅನ್ನೋದು ಅರ್ಧ ಲೆಕ್ಕ ಅಷ್ಟೇ.

ವ್ಯಾಪಾರಸ್ಥರೂ ಸುಮ್ಮನೆ ಕೂಡಬಾರದು. ನಿಮ್ಮ ಗ್ಯಾರೇಜು, ವರ್ಕ್‌ಶಾಪಿಗೆ ಎಂಥ ಕೆಲಸಗಾರ ಬೇಕು ಅಂತ ಹೋಗಿ ಹೇಳಿ. ಸಂಬಂಧಪಟ್ಟವರು ಮುಂದಿನ ಹಂಗಾಮು ಮುಗಿಯುವುದರೊಳಗೆ ಎಚ್ಚರಾಗಲಿ. ಇಲ್ಲದಿದ್ದರೆ ಕೊಲ್ಹಾಪುರದ ಬಸ್ಸು ದಿನಾ ತುಂಬಿಕೊಂಡೇ ಹೋಗುತ್ತದೆ.