ದಾನವೋ, ಪಾಲೋ?

ಸರಕಾರದ ಆರೋಗ್ಯ ಯೋಜನೆಯಿಂದ ಚಿಕಿತ್ಸೆ ಪಡೆದವನನ್ನು ವೃತ್ತಪತ್ರಿಕೆಗಳು ‘ಫಲಾನುಭವಿ’ ಎಂದು ಕರೆಯುತ್ತವೆ. ಪದದಲ್ಲಿ ದೋಷವಿಲ್ಲ, ದೋಷವಿರುವುದು ಅದರೊಡನೆ ಅಚ್ಚಾಗುವ ಚಿತ್ರದಲ್ಲಿ. ಆ ಚಿತ್ರಗಳು ಬಹುಮಟ್ಟಿಗೆ ಎರಡೇ ಬಗೆಯವು. ಒಂದರಲ್ಲಿ ಅವನು ಗಣ್ಯರ ಮುಂದೆ ತಲೆಬಾಗಿ ಕಾರ್ಡನ್ನು ಸ್ವೀಕರಿಸುವ ದೀನ. ಮತ್ತೊಂದರಲ್ಲಿ ಸುಳ್ಳು ದಾಖಲೆ ತೋರಿಸಿ ಬೊಕ್ಕಸವನ್ನು ಬರಿದುಮಾಡುವ ವಂಚಕ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಸುದ್ದಿಯ ವಾಕ್ಯದಲ್ಲಿ ಅವನೆಂದೂ ಸತ್ಕಾರ್ಯದ ಕರ್ತೃವಲ್ಲ. ಸಂಪ್ರದಾನ, ಎಂದರೆ ಕೊಟ್ಟುದನ್ನು ಪಡೆಯುವವನು. ಇಂಥ ಚಿತ್ರಣವು ಬರಿಯ ಅಗೌರವವಲ್ಲ. ಒಳ್ಳೆಯ ಯೋಜನೆಗಳ ಆಯುಸ್ಸನ್ನೇ ಕುಗ್ಗಿಸತಕ್ಕದ್ದೆಂಬುದು ನನ್ನ ವಾದ.

ಯಶಸ್ವಿನಿಯನ್ನು ನೋಡಿರಿ. 2003ರ ಜೂನ್ ತಿಂಗಳಲ್ಲಿ ಇದು ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯನು ವರ್ಷಕ್ಕೆ ತಲೆಗೆ 60 ರೂಪಾಯಿ ವಂತಿಗೆ ತೆತ್ತನು. ಸರಕಾರವೂ ತನ್ನ ಪಾಲನ್ನು ಸೇರಿಸಿತು. ಶಸ್ತ್ರಚಿಕಿತ್ಸೆಯ ಅವಶ್ಯಕತೆಯೇ ಬಾರದ ಸಾವಿರಾರು ಮಂದಿಯ ವಂತಿಗೆಯು ಅವಶ್ಯಕತೆ ಬಿದ್ದ ಒಬ್ಬನಿಗೆ ಒದಗುವ ಏರ್ಪಾಡು ಅದು. ಶಿಕಾರಿಪುರದ ಮೆಕ್ಕೆಜೋಳದ ರೈತನಿಗಾಗಲಿ ಸೊರಬದ ಭತ್ತದ ರೈತನಿಗಾಗಲಿ ಇದರಲ್ಲಿ ಹೊಸತೇನಿದೆ? ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಮುಯ್ಯಾಳಿನ ಧರ್ಮವೇ ಇದು.

ಆದರೆ ಕಾಯಿಲೆ ಬೀಳದೆಯೂ ವಂತಿಗೆ ಕಟ್ಟಿದವನು ಸುದ್ದಿಯಾಗಲಿಲ್ಲ. ಓದುಬಲ್ಲವರ ಮನಸ್ಸಿನಲ್ಲಿ ಯಶಸ್ವಿನಿಯು ಹತ್ತರೊಡನೆ ಹನ್ನೊಂದನೆಯ ಬಿಟ್ಟಿ ಕೊಡುಗೆಯಾಗಿ ನಿಂತಿತು. 2018ರಲ್ಲಿ ‘ಆರೋಗ್ಯ ಕರ್ನಾಟಕ’ ಬಂದಾಗ ಯಶಸ್ವಿನಿಯನ್ನು ನಿಲ್ಲಿಸಲಾಯಿತು. ಹೊಸ ಏರ್ಪಾಡಿನಲ್ಲಿ ಬಡತನದ ರೇಖೆಗಿಂತ ಮೇಲಿನವರಿಗೆ ದೊರೆತುದು ನಿಗದಿಯಾದ ವೆಚ್ಚದ ಶೇಕಡ 30 ಮಾತ್ರ. ವರ್ಷವರ್ಷವೂ ವಂತಿಗೆ ಕಟ್ಟಿದ್ದ ಮಧ್ಯಮ ರೈತನು ಉಳಿದ ಭಾರವನ್ನು ತಾನೇ ಹೊರಬೇಕಾಯಿತು. ಪತ್ರಿಕೆಗಳೇ ಯೋಜನೆಯನ್ನು ಕೊಂದುವೆಂದು ನಾನು ಹೇಳೆನು. ಆಡಳಿತಕ್ಕೆ ತನ್ನವೇ ಕಾರಣಗಳಿದ್ದುವು. ಆದರೆ ದಾನವೆಂದು ಹೆಸರಾದುದನ್ನು ಹಿಂತೆಗೆಯಲು ದಾನಿಗೆ ಯಾರ ಅಪ್ಪಣೆಯೂ ಬೇಡ. ಪಾಲೆಂದು ಊರೆಲ್ಲ ಬಲ್ಲುದನ್ನು ಕಿತ್ತುಕೊಳ್ಳಬೇಕಾದರೆ ಲೆಕ್ಕ ಒಪ್ಪಿಸಬೇಕಾಗುವುದು. 2023ರ ಜನವರಿಯಿಂದ ಯಶಸ್ವಿನಿಯು ಮರಳಿ ಜಾರಿಗೆ ಬಂದಿತು, ನಿಜ. ನಡುವಣ ನಾಲ್ಕೂವರೆ ವರ್ಷಗಳಲ್ಲಿ ಸಾಲಮಾಡಿ ಚಿಕಿತ್ಸೆ ಮಾಡಿಸಿಕೊಂಡವನ ನಷ್ಟವನ್ನು ತುಂಬುವವರು ಯಾರು?

ಫಲಾನುಭವಿಯನ್ನು ಕೀಳಾಗಿ ಕಾಣುವ ಈ ದೃಷ್ಟಿಯು ಕುಂದುಳ್ಳ ಕಾರ್ಯಕ್ರಮವೊಂದರ ಆಯುಸ್ಸನ್ನು ಬೆಳೆಸಲೂ ಬಲ್ಲದು. ಮಂಗನ ಕಾಯಿಲೆಗೆ ಲೋಕದಲ್ಲಿ ಹೆಸರು ಕೊಟ್ಟ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನದು. ರೋಗವು ಗುರುತಿಗೆ ಬಂದುದು 1957ರಲ್ಲಿ. ಅದರ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಬಾರಿ, ಅನಂತರವೂ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿತ್ತು, ನೋವೂ ಹೆಚ್ಚು. ಚುಚ್ಚಿಸಿಕೊಂಡರೂ ಜ್ವರ ತಪ್ಪದೆಂದು ಹಿಂಜರಿದ ಕಾಡಂಚಿನ ಕೂಲಿಯವನನ್ನು ಅಜ್ಞಾನಿಯೆಂದು ಬರೆಯುವುದು ಸುಲಭ. ಆದರೆ ಲಸಿಕೆಯ ಬಲ ಸಾಲದೆಂದು ಸಂಶೋಧಕರೇ 2013ರಲ್ಲಿ ಪ್ರಕಟಿಸಿದರು. ಅದು ನಿಂತುದು 2022ರಲ್ಲಿ. ಚುಚ್ಚಿಸಿಕೊಂಡವನ ಮಾತನ್ನು ಸಾಕ್ಷ್ಯವೆಂದು ಎಣಿಸಿದ್ದರೆ ಅಷ್ಟು ಕಾಲ ಬೇಕಾಗುತ್ತಿತ್ತೆ?

ಹಾಗಾದರೆ ವಂಚನೆಯನ್ನು ಬಯಲಿಗೆಳೆಯಬಾರದೆ ಎಂದು ಕೇಳುವವರುಂಟು. ಅವಶ್ಯವಾಗಿ ಎಳೆಯಲಿ. ಆದರೆ ಕಾರ್ಡುಳ್ಳ ರೋಗಿಯಿಂದ ಮರೆಯಲ್ಲಿ ಹಣ ವಸೂಲುಮಾಡುವ ಆಸ್ಪತ್ರೆಯದೂ ವಂಚನೆಯೇ ಅಲ್ಲವೆ? ಹುಳುಕು ಕಾಳನ್ನು ಆರಿಸಬೇಕು. ಅದಕ್ಕಾಗಿ ಕಣಜಕ್ಕೆ ಬೆಂಕಿಯಿಡುವ ಒಕ್ಕಲಿಗನಿಲ್ಲ.

ವಾಚಕರೂ ಒಂದು ಕ್ಷಣ ಯೋಚಿಸಬೇಕು. ಸರಕಾರಿ ನೌಕರನು ವೈದ್ಯವೆಚ್ಚವನ್ನು ಮರಳಿ ಪಡೆದಾಗ ಅವನ ಭಾವಚಿತ್ರವು ಅಚ್ಚಾಗುವುದಿಲ್ಲ, ಅವನು ಯಾರ ಮುಂದೆಯೂ ಕೈಮುಗಿಯಬೇಕಾಗಿಲ್ಲ, ಅದು ಸೇವಾನಿಯಮವೆನಿಸುವುದು. ಗದ್ದೆಯವನು ಪಡೆದರೆ ಮಾತ್ರ ಅದು ಉಪಕಾರವೆ? ನಮ್ಮ ತಾಲ್ಲೂಕುಗಳ ವರದಿಗಾರರನ್ನು ನಾನು ಬೇಡುವುದಿಷ್ಟೆ: ಮುಂದಿನ ಸಲ ಕಾರ್ಡು ಹಂಚುವ ಸಮಾರಂಭದ ಸುದ್ದಿ ಬರೆಯುವಾಗ, ವೇದಿಕೆಯ ಮೇಲಿದ್ದವರ ಹೆಸರುಗಳಿಗಿಂತ ಮೊದಲು, ಕೆಳಗೆ ಕುಳಿತವರು ಕಟ್ಟಿದ ವಂತಿಗೆಯೆಷ್ಟೆಂಬುದನ್ನು ಬರೆಯಿರಿ.