ರೋಶಾ ಹುಲ್ಲು: ಬೀಜಕ್ಕೆ ಮೊದಲು ಭಟ್ಟಿ

ಗುಲಾಬಿಯ ಪರಿಮಳವು ಗುಲಾಬಿಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಪೇಟೆಯಲ್ಲಿ ಪಾಮರೋಸಾ ಎಂದು ಹೆಸರಾದ ರೋಶಾ ಹುಲ್ಲಿನ ಎಣ್ಣೆಯಲ್ಲಿಯೂ ಅದುಂಟು. ಇದಕ್ಕೆ ಕಾರಣವಾದ ದ್ರವ್ಯವು ಜೆರೇನಿಯಾಲ್ ಎಂಬ ಟರ್ಪೀನ್ ವರ್ಗದ ಮದ್ಯಸಾರ. ಸಾಬೂನು, ಅತ್ತರು, ಸೊಳ್ಳೆಗಳನ್ನು ದೂರವಿಡುವ ಲೇಪ ಮುಂತಾದವುಗಳಲ್ಲಿ ಇದರ ಉಪಯೋಗವಿರುವುದು. 19ನೆಯ ಶತಮಾನದಲ್ಲಿ ರೋಶಾ ಎಣ್ಣೆಯು ಮುಂಬಯಿಯಿಂದ ತುರ್ಕಸ್ಥಾನಕ್ಕೆ ಹೋಗಿ ಅಲ್ಲಿಯ ಗುಲಾಬಿ ಅತ್ತರಿನಲ್ಲಿ ಬೆರಕೆಯಾಗುತ್ತಿತ್ತೆಂದರೆ ಎರಡರ ಸಾಮ್ಯವನ್ನು ಊಹಿಸಬಹುದು.

ಖಾನಾಪುರ ತಾಲೂಕಿನಲ್ಲಿ ಇದನ್ನು ಬೆಳೆಯಬಹುದೇ ಎಂದು ಕೇಳುವ ಒಕ್ಕಲಿಗರಿದ್ದಾರೆ. ಬೆಳೆಯಬಹುದು, ಆದರೆ ಎಲ್ಲೆಡೆಯಲ್ಲಲ್ಲ. ಕಣಕುಂಬಿ, ಜಾಂಬೋಟಿಗಳ ಅತಿವೃಷ್ಟಿಯ ಸೀಮೆಯಲ್ಲಿ ನೀರು ನಿಲ್ಲುವ ಭತ್ತದ ಗದ್ದೆಗಳು ಈ ಹುಲ್ಲಿಗೆ ತಕ್ಕವಲ್ಲ. ಪೂರ್ವಕ್ಕೆ ಇಟಗಿ, ಪಾರಿಶ್ವಾಡಗಳ ಕಡೆಗೆ, ನೀರು ಬಸಿದುಹೋಗುವ ಇಳಿಜಾರು ಹೊಲದಲ್ಲಿ ಕೆಲವು ಗುಂಟೆಗಳಷ್ಟು ಹಾಕಿ ನೋಡಬಹುದು. ಮೋತಿಯಾ ಜಾತಿಯನ್ನೇ ಆರಿಸಬೇಕು. ಸೋಫಿಯಾ ಜಾತಿಯ ಎಣ್ಣೆಯಲ್ಲಿ ಜೆರೇನಿಯಾಲ್ ಕಡಿಮೆ.

ಆದರೆ ಬೀಜಕ್ಕಿಂತ ಮೊದಲು ಭಟ್ಟಿಯ ಯೋಚನೆಯಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 100 ಕಿಲೋ ಹಸಿ ಹುಲ್ಲಿನಿಂದ ಅರ್ಧ ಕಿಲೋ ಎಣ್ಣೆ ಬಂದರೆ ಒಳ್ಳೆಯ ಇಳುವರಿಯೇ ಸರಿ. ಇಂಥ ಹುಲ್ಲನ್ನು ದೂರಕ್ಕೆ ಸಾಗಿಸಿದರೆ ಗಾಡಿಯ ಬಾಡಿಗೆಯೇ ಲಾಭವನ್ನು ನುಂಗುವುದು. ಜೆರೇನಿಯಾಲ್ ತಾನಾಗಿ ಕುದಿಯಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ನೀರಿನ ಉಗಿಯೊಡನೆಯಾದರೋ 100 ಡಿಗ್ರಿಯೊಳಗೇ ಮೇಲೇಳುವುದು. ಆದುದರಿಂದ ಹುಲ್ಲಿಗೆ ಉಗಿ ತಾಗಬೇಕಲ್ಲದೆ ಬೆಂಕಿಯ ಕಾವು ನೇರವಾಗಿ ತಾಗಬಾರದು. ತಳ ಹತ್ತಿದರೆ ಎಣ್ಣೆಗೆ ಸುಟ್ಟ ವಾಸನೆ ಬಂದು ಬೆಲೆಯಿಳಿಯುವುದು. ಒಳ್ಳೆಯ ಭಟ್ಟಿಯನ್ನು ಕಟ್ಟಿಸುವುದು ಒಬ್ಬ ಸಣ್ಣ ಒಕ್ಕಲಿಗನ ಶಕ್ತಿಗೆ ಮೀರಿದ್ದು. 1905ರಲ್ಲಿ ಸಿದ್ಧನಗೌಡ ಪಾಟೀಲರು ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಸ್ಥಾಪಿಸಿ ತೋರಿಸಿದ ದಾರಿಯೇ ಇದಕ್ಕೂ ದಾರಿ. ನಾಲ್ಕಾರು ಊರವರು ಕೂಡಿ ಒಂದು ಭಟ್ಟಿಯನ್ನಿಡಲಿ.

ಇನ್ನೊಂದು ಮಾತು. ಎಣ್ಣೆಯ ಬೆಲೆಯು ಅದರಲ್ಲಿರುವ ಜೆರೇನಿಯಾಲಿನ ಪ್ರಮಾಣವನ್ನು ಅವಲಂಬಿಸಿದೆ. ಒಳ್ಳೆಯ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ 100ಕ್ಕೆ 75 ಪಾಲಿಗಿಂತ ಹೆಚ್ಚಿರುವುದು. ಮೂಗಿನಿಂದ ಅದನ್ನು ಅಳೆಯಲಾಗದು. ಬೆಳಗಾವಿ ನಗರದಲ್ಲಿ ರಸಾಯನಶಾಸ್ತ್ರವನ್ನು ಕಲಿಸುವ ಮಹಾವಿದ್ಯಾಲಯಗಳಿವೆ. ಅವುಗಳ ನೆರವಿನಿಂದ ಅಲ್ಪ ಶುಲ್ಕದಲ್ಲಿ ಎಣ್ಣೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನು ಇಲಾಖೆಯು ಮಾಡಿಸುವುದು ಯುಕ್ತ. ಆ ಪತ್ರವಿಲ್ಲದವನು ದಲಾಲನು ಹೇಳಿದ ಬೆಲೆಗೆ ಒಪ್ಪಲೇಬೇಕಾಗುವುದು.

ಭಟ್ಟಿಯೂ ಪರೀಕ್ಷೆಯೂ ಸಿದ್ಧವಾಗುವ ತನಕ ಬೀಜದ ಚೀಲವನ್ನು ಬಿಚ್ಚದಿರುವುದೇ ಲೇಸು.