ಸೂಕ್ಷ್ಮದರ್ಶಕ ಯಂತ್ರವೂ ನಮ್ಮ ಹೆಣ್ಣುಮಕ್ಕಳೂ

ಹೆಣ್ಣುಮಕ್ಕಳಿಗೆ ವಿಜ್ಞಾನವನ್ನು ಕಲಿಸಬೇಕೇ ಬೇಡವೇ ಎಂಬ ಚರ್ಚೆಯು ಮುಗಿದು ಬಹುಕಾಲವಾಯಿತು. ಅದನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಮಾತ್ರ ನಾವು ಯೋಚಿಸತಕ್ಕದ್ದು ಇನ್ನೂ ಬಹಳವಿದೆ. ಅನೇಕ ಶಾಲೆಗಳಲ್ಲಿ ಸೂಕ್ಷ್ಮದರ್ಶಕ ಯಂತ್ರವು ಬೀರುವಿನೊಳಗೆ ಬೀಗದಲ್ಲಿರುತ್ತದೆ. ವರ್ಷಕ್ಕೆ ಒಂದೆರಡು ದಿನ ಅದನ್ನು ಹೊರಗೆ ತೆಗೆದು, ಅಂಗಡಿಯಿಂದ ತಂದ ಸಿದ್ಧ ಸ್ಲೈಡನ್ನು ಅದರಲ್ಲಿಟ್ಟು, ಬಾಲಿಕೆಯರನ್ನು ಸಾಲಾಗಿ ನಿಲ್ಲಿಸುವರು. ಒಬ್ಬೊಬ್ಬಳೂ ಬಂದು, ಒಂದು ಕಣ್ಣು ಮುಚ್ಚಿ, ಕ್ಷಣಕಾಲ ಬಗ್ಗಿ, "ಕಂಡಿತು" ಎಂದು ಹೇಳಿ ಸರಿಯುವಳು. ಅವರಲ್ಲಿ ಹಲವರಿಗೆ ಕಂಡದ್ದು ತಮ್ಮ ರೆಪ್ಪೆಯ ಕೂದಲೇ ಆಗಿದ್ದರೂ ಆಶ್ಚರ್ಯವಿಲ್ಲ. ಇದಕ್ಕೆ ನೋಡುವುದೆಂಬ ಹೆಸರು ಸಲ್ಲದು.

ತಾನು ನೋಡತಕ್ಕ ಸ್ಲೈಡನ್ನು ಬಾಲಿಕೆಯು ತನ್ನ ಕೈಯಿಂದಲೇ ಸಿದ್ಧಪಡಿಸಬೇಕು. ಯಂತ್ರಕ್ಕೆ ಬೆಳಕನ್ನೂ ತಾನೇ ಹೊಂದಿಸಬೇಕು. ಇವೆರಡನ್ನು ಕಲಿಸುವುದಕ್ಕೆ ಬೆಲೆಯುಳ್ಳ ಯಂತ್ರವೇನೂ ಬೇಕಾಗುವುದಿಲ್ಲ: ಇದು ಈ ಲೇಖನದ ಅಭಿಪ್ರಾಯ. ಹಳೆಯ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಇದನ್ನು ನಿದಾನವಾಗಿ ಪರ್ಯಾಲೋಚಿಸಬೇಕೆಂದು ಕೋರುತ್ತೇವೆ.

ಮೊದಲು ಯಂತ್ರದ ಮಾತು. ಮಗಳ ಹುಟ್ಟುಹಬ್ಬಕ್ಕೆ ಒಂದು ಸೂಕ್ಷ್ಮದರ್ಶಕವನ್ನು ಕೊಳ್ಳಲು ಹೊರಟ ತಂದೆಗೆ ಪೆಟ್ಟಿಗೆಯ ಮೇಲೆ "1200 ಪಟ್ಟು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಪ್ಲಾಸ್ಟಿಕ್ ಆಟಿಕೆಯೇ ಎದ್ದು ಕಾಣುವುದು. ಈ ಅಂಕಿಗೆ ಮರುಳಾಗಬಾರದು. ಒಂದು ವಸ್ತುವನ್ನು ಹಿಗ್ಗಿಸಿ ತೋರಿಸುವುದು ಬೇರೆ. ಅದರಲ್ಲಿ ಹತ್ತಿರ ಹತ್ತಿರವಿರುವ ಎರಡು ಚುಕ್ಕೆಗಳನ್ನು ಎರಡೆಂದೇ ಬೇರ್ಪಡಿಸಿ ತೋರಿಸುವುದು ಬೇರೆ. ಎರಡನೆಯ ಶಕ್ತಿಗೆ ಬೆಳಕಿನ ಸ್ವಭಾವವೇ ಒಂದು ಮೇರೆಯನ್ನು ಹಾಕಿದೆಯೆಂಬುದನ್ನು ಜರ್ಮನಿಯ ಎರ್ನ್ಸ್ಟ್ ಅಬೆ ಎಂಬ ವಿದ್ವಾಂಸನು 1873ರಲ್ಲಿ ತೋರಿಸಿಕೊಟ್ಟನು. ಮಸೂರವು ಒಳ್ಳೆಯದಲ್ಲದಿದ್ದರೆ 1200 ಪಟ್ಟು ಹಿಗ್ಗಿಸಿದರೂ ಕಾಣುವುದು ಮಂಜಿನ ಮುದ್ದೆಯೇ. ಶಾಲೆಗೂ ಮನೆಗೂ 40, 100, 400 ಪಟ್ಟು ತೋರಿಸುವ ಮೂರು ವಸ್ತುಮಸೂರಗಳು ಧಾರಾಳವಾಗಿ ಸಾಕು. ಎಣ್ಣೆ ಹಾಕಿ ನೋಡತಕ್ಕ ನಾಲ್ಕನೆಯ ಮಸೂರಕ್ಕೆ ಕೊಡುವ ಹಣವನ್ನು ಬೇರೆ ಕಡೆಗೆ ವಿನಿಯೋಗಿಸುವುದು ಲೇಸು. ಕೊಳ್ಳುವಾಗ ನೋಡತಕ್ಕದ್ದು ನಾಲ್ಕೇ ಅಂಶ: ಮಸೂರಗಳು ಗಾಜಿನವಾಗಿರಬೇಕು, ಮೈ ಲೋಹದ್ದಾಗಿರಬೇಕು, ನೋಟವನ್ನು ಹೊಂದಿಸಲು ದೊಡ್ಡ ತಿರುಗಣೆಯ ಜೊತೆಗೆ ನಯವಾದ ಸಣ್ಣ ತಿರುಗಣೆಯೂ ಇರಬೇಕು, ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಮಸೂರವೂ ಬೆಳಕಿನ ದಾರಿಯನ್ನು ಹಿರಿದುಕಿರಿದು ಮಾಡುವ ಡಯಾಫ್ರಮೂ ಇರಬೇಕು. ಹರಿಯಾಣದ ಅಂಬಾಲಾ ನಗರದಲ್ಲಿ ತಯಾರಾಗುವ ಸಾಧಾರಣ ವಿದ್ಯಾರ್ಥಿ ಯಂತ್ರಗಳಲ್ಲಿಯೂ ಈ ಗುಣಗಳುಳ್ಳವು ದೊರೆಯುತ್ತವೆ.

ಅಷ್ಟೂ ಅನುಕೂಲವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಮನು ಪ್ರಕಾಶ್ ಅವರು ಸಂಗಡಿಗರೊಡನೆ, ಕಾಗದವನ್ನು ಮಡಿಸಿ ಮಾಡುವ "ಫೋಲ್ಡ್‌ಸ್ಕೋಪ್" ಎಂಬ ಸೂಕ್ಷ್ಮದರ್ಶಕವನ್ನು 2014ರಲ್ಲಿ ಲೋಕದ ಮುಂದಿಟ್ಟರು. ಅದರಲ್ಲಿರುವುದು ಬಹು ಚಿಕ್ಕದಾದ ಒಂದೇ ಮಸೂರ. ಅದು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಇದು ಹೊಸ ಆಟವೆಂದು ಹಗುರವಾಗಿ ಕಾಣಬೇಡಿರಿ. ಡೆಲ್ಫ್ಟ್ ಎಂಬ ಡಚ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಎಂಬಾತನು 1674ರಲ್ಲಿ ಕೆರೆಯ ನೀರಿನೊಳಗಿನ ಅಣುಜೀವಿಗಳನ್ನು ಕಂಡು ವರ್ಣಿಸಿದ್ದು ತಾನೇ ಉಜ್ಜಿದ ಇಂಥದೇ ಒಂಟಿ ಮಸೂರದಿಂದ. ಅವನು ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವನಲ್ಲ.

ಎರಡನೆಯದು ಬೆಳಕು. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲವೆಂಬ ದೂರುಗಳಲ್ಲಿ ಹೆಚ್ಚಿನವು ಬೆಳಕಿನ ದೋಷದಿಂದ ಬಂದವು. 1665ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಹುಕ್ ಎಂಬ ಆಂಗ್ಲೇಯನು ಎಣ್ಣೆದೀಪದ ಮುಂದೆ ನೀರು ತುಂಬಿದ ಗಾಜಿನ ಗೋಳವನ್ನಿಟ್ಟು, ಬೆಳಕನ್ನು ಒಂದೆಡೆಗೆ ಕೂಡಿಸಿಕೊಳ್ಳುತ್ತಿದ್ದನು. ದೀಪದ ಬೆಳಕನ್ನು ನೋಟದ ಉದ್ದಗಲಕ್ಕೂ ಸಮನಾಗಿ ಹರಡುವ ಕ್ರಮವನ್ನು ಆಗಸ್ಟ್ ಕೋಲರ್ ಎಂಬಾತನು 1893ರಲ್ಲಿ ನಿರೂಪಿಸಿದನು. ಇಂದು ನಮ್ಮ ಮನೆಗಳಲ್ಲಿ ಒಂದು ಎಲ್‌ಇಡಿ ಬಲ್ಬು, ಅದರ ಮುಂದೆ ಒಂದು ತುಂಡು ಬೆಣ್ಣೆಕಾಗದ, ಇಷ್ಟಿದ್ದರೆ ಆಯಿತು. ವಿದ್ಯುತ್ತು ಹೋದ ಹಗಲಿನಲ್ಲಿ ಬಯಲು ಆಕಾಶಕ್ಕೋ ಸುಣ್ಣ ಬಳಿದ ಗೋಡೆಗೋ ಕನ್ನಡಿಯನ್ನು ತಿರುಗಿಸಬಹುದು. ಸೂರ್ಯನ ಕಡೆಗೆ ಮಾತ್ರ ಎಂದೆಂದಿಗೂ ತಿರುಗಿಸಕೂಡದು. ಕಣ್ಣಿಗೆ ಶಾಶ್ವತವಾದ ಹಾನಿಯಾಗುವುದು. ಈ ಎಚ್ಚರಿಕೆಯನ್ನು ಮಕ್ಕಳಿಗೆ ಮೊದಲ ದಿನವೇ ಹೇಳತಕ್ಕದ್ದು.

ಬೆಳಕು ಹೆಚ್ಚಿದಷ್ಟೂ ಚೆನ್ನಾಗಿ ಕಾಣುವುದೆಂದು ತಿಳಿಯುವವರುಂಟು. ಅದು ನಿಜವಲ್ಲ. ನೀರಿನೊಳಗಿನ ಜೀವಿಯು ನೀರಿನಂತೆಯೇ ಪಾರದರ್ಶಕ. ಬೆಳಕಿನ ಪ್ರವಾಹದಲ್ಲಿ ಅದು ಕೊಚ್ಚಿಹೋಗುತ್ತದೆ. ಡಯಾಫ್ರಮನ್ನು ಮೆಲ್ಲಮೆಲ್ಲನೆ ಕಿರಿದುಮಾಡಿದರೆ ಜೀವಿಯ ಅಂಚು ಗೆರೆ ಎಳೆದಂತೆ ಮೂಡುವುದು. ಅತಿಯಾಗಿ ಕಿರಿದುಮಾಡಿದರೆ ಸೂಕ್ಷ್ಮವಾದ ವಿವರಗಳು ಮತ್ತೆ ಅಳಿಸಿಹೋಗುವವು. ಈ ಎರಡರ ನಡುವಣ ಹದವನ್ನು ಪುಸ್ತಕವು ಕಲಿಸಲಾರದು, ಬೆರಳೇ ಕಲಿಯಬೇಕು. ಸ್ಲೈಡಿನ ಕೆಳಗಣ ಮಸೂರದ ನಡುವೆ ಕಪ್ಪು ಕಾಗದದ ಒಂದು ಸಣ್ಣ ಬಿಲ್ಲೆಯನ್ನಿಟ್ಟರೆ, ಕಗ್ಗತ್ತಲೆಯ ಹಿನ್ನೆಲೆಯಲ್ಲಿ ಅದೇ ಜೀವಿಗಳು ನಕ್ಷತ್ರಗಳಂತೆ ಹೊಳೆಯುವವು. ಇದಕ್ಕೆ ಖರ್ಚಾಗುವುದು ಕಾಸೂ ಇಲ್ಲ.

ಮೂರನೆಯದು, ಎಲ್ಲಕ್ಕಿಂತಲೂ ಮುಖ್ಯವಾದದ್ದು, ಸ್ಲೈಡನ್ನು ಸಿದ್ಧಪಡಿಸುವ ಕೆಲಸ. ಅಡಿಗೆಮನೆಯ ಈರುಳ್ಳಿಯಿಂದಲೇ ಪ್ರಾರಂಭಿಸಬಹುದು. ಈರುಳ್ಳಿಯ ಪದರದ ಒಳಮೈಯಿಂದ ತೆಳ್ಳನೆಯ ಪೊರೆಯನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಸುಕ್ಕಿಲ್ಲದಂತೆ ಹರಡಿ, ಕವರ್ ಸ್ಲಿಪ್ಪೆಂಬ ತೆಳುಗಾಜಿನ ಒಂದಂಚನ್ನು ನೀರಿಗೆ ತಾಗಿಸಿ, ಇನ್ನೊಂದಂಚನ್ನು ಸೂಜಿಯ ಆಧಾರದಿಂದ ಮೆಲ್ಲನೆ ಇಳಿಸಬೇಕು. ಅವಸರಪಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಂಡು, ಕಪ್ಪು ಬಳೆಗಳಂತೆ ಕಂಡು ಮೋಸಗೊಳಿಸುವವು. ತೆಳುವಾಗಿಸಿದ ಟಿಂಕ್ಚರ್ ಅಯೋಡಿನ್ನಿನ ಒಂದು ತೊಟ್ಟನ್ನು ಅಂಚಿನಲ್ಲಿ ಬಿಟ್ಟು, ಎದುರಂಚಿನಲ್ಲಿ ಒತ್ತುಕಾಗದದಿಂದ ಹೀರಿಸಿದರೆ, ಇಟ್ಟಿಗೆ ಕಟ್ಟಿದಂಥ ಕೋಶಗಳೂ ಅವುಗಳೊಳಗಿನ ಕೇಂದ್ರಗಳೂ ಕಂದುಬಣ್ಣದಿಂದ ಎದ್ದುಕಾಣುವವು. ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣವನ್ನು ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಕಿತ್ತು ಗಾಜಿಗೆ ಅಂಟಿಸಿದರೆ, ಎಲೆಯು ಉಸಿರಾಡುವ ರಂಧ್ರಗಳ ಅಚ್ಚೇ ದೊರೆಯುತ್ತದೆ. ಓಡಾಡುವ ಜೀವಿಗಳನ್ನು ತಡೆಯಲು ಹನಿಯೊಳಗೆ ಹತ್ತಿಯ ನಾಲ್ಕು ಎಳೆಗಳನ್ನು ಹಾಕಿದರೆ ಅವು ಬೇಲಿಯಾಗುವವು. ಈ ಕೆಲಸಗಳಿಗೆ ಬೇಕಾದ ನಯವೂ ತಾಳ್ಮೆಯೂ, ರಂಗೋಲಿಯ ಎಳೆಯನ್ನೂ ಹೂವಿನ ದಂಡೆಯನ್ನೂ ಬಲ್ಲ ಕೈಗಳಲ್ಲಿ ಆಗಲೇ ಇವೆ.

ಇನ್ನು ನೋಡತಕ್ಕದ್ದಕ್ಕೆ ಕೊರತೆಯುಂಟೇ? ಹಿರಿಯೂರು ತಾಲ್ಲೂಕಿನ ಆದಿವಾಲ ಗ್ರಾಮವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಬಯಲುಸೀಮೆಯ ಇಂಥ ಊರಿನಲ್ಲಿ ಪ್ರಯೋಗಾಲಯವೆಲ್ಲಿಂದ ಬರಬೇಕೆಂದು ಕೇಳುವವರು, ಆ ಸೀಮೆಯ ತೋಟ, ಕೆರೆ, ಕಾಲುವೆ, ಕಂಬಳಿಗಳನ್ನು ಮರೆತಿದ್ದಾರೆ. ತೆಂಗಿನ ಹೊಂಬಾಳೆಯ ಪರಾಗ, ದಾಳಿಂಬೆಯ ಹೂವಿನ ಪರಾಗ, ಕಡಲೆಕಾಯಿ ಗಿಡದ ಎಲೆ, ಇವು ಮೂರೂ ಮೂರು ಬಗೆಯ ಪಾಠಗಳು. ಹತ್ತಿಯ ಎಳೆಯು ತಿರುಚಿದ ಪಟ್ಟಿಯಂತೆಯೂ, ರೇಷ್ಮೆಯ ಎಳೆಯು ನುಣುಪಾದ ಸರಳಿನಂತೆಯೂ, ಚಳ್ಳಕೆರೆಯ ಕಂಬಳಿಯ ಉಣ್ಣೆಯು ಮೀನಿನ ಹುರುಪೆಗಳನ್ನು ಹೊದ್ದಂತೆಯೂ ಕಾಣುವವು. ಇವನ್ನು ಗುರುತಿಸಬಲ್ಲ ಹುಡುಗಿಯನ್ನು ಮುಂದೆ ಯಾವ ಬಟ್ಟೆಯಂಗಡಿಯವನೂ ಮೋಸಗೊಳಿಸಲಾರನು.

ನೀರಿನ ಪಾಠವು ಇನ್ನೂ ದೊಡ್ಡದು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು ಹಿರಿಯೂರು ಸೀಮೆಗೆ ಹಸಿರನ್ನು ತಂದಿತು. ನೀರಾವರಿಯ ಸೀಮೆಗಳಿಗೆ ಸೊಳ್ಳೆಯ ಕಾಟವೂ ತಪ್ಪಿದ್ದಲ್ಲ. ಒಂದು ಕಾಲಕ್ಕೆ ಹಿರಿಯೂರೆಂದರೆ ಚಳಿಜ್ವರಕ್ಕೆ ಹೆಸರಾಗಿದ್ದಿತು. ಮೈಸೂರು ಸಂಸ್ಥಾನದವರು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಕೈಗೊಂಡ ಮಲೇರಿಯಾ ಸಂಶೋಧನೆಯಲ್ಲಿ ಈ ಸೀಮೆಯೂ ಸೇರಿದ್ದಿತು. ಆ ಕಾಲವು ಕಳೆಯಿತು. ಆದರೆ ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಇಂದಿಗೂ ಇವೆ. ಮಲೇರಿಯಾವನ್ನು ಹರಡುವ ಜಾತಿಯ ಮರಿಯು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಜಾತಿಯ ಮರಿಯು ಬಾಲದ ಕೊಳವೆಯಿಂದ ತಲೆಕೆಳಗಾಗಿ ತೂಗಾಡುತ್ತದೆ. 40 ಪಟ್ಟಿನ ನೋಟದಲ್ಲಿ ಆ ಕೊಳವೆಯಿರುವುದನ್ನೂ ಇಲ್ಲದಿರುವುದನ್ನೂ ಒಮ್ಮೆ ತಾನೇ ಕಂಡ ಬಾಲಿಕೆಯು ಮನೆಯ ಹಿತ್ತಿಲಿನ ತೊಟ್ಟಿಯನ್ನು ಬರಿದುಮಾಡಿಸದೆ ಬಿಡುವಳೇ?

ಈ ಸಂದರ್ಭದಲ್ಲಿ ರೊನಾಲ್ಡ್ ರಾಸ್ ಅವರನ್ನು ನೆನೆಯಬೇಕು. 1895ರಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಈ ವೈದ್ಯರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಅಣುಜೀವಿಯನ್ನು ಕಂಡರು. ಆಗ ಅವರ ಯಂತ್ರದ ತಿರುಪುಗಳು ಬೆವರಿನಿಂದ ತುಕ್ಕುಹಿಡಿದಿದ್ದವು. ಉಳಿದಿದ್ದ ಒಂದೇ ನೇತ್ರಮಸೂರವು ಬಿರುಕುಬಿಟ್ಟಿದ್ದಿತು. ಲೋಕೋಪಕಾರಿಯಾದ ಆ ಶೋಧನೆಯು ಯಂತ್ರದ ಹೊಳಪಿನಿಂದ ಆದುದಲ್ಲ. ಸೊಳ್ಳೆಯನ್ನು ತಾಳ್ಮೆಯಿಂದ ಬಿಡಿಸಿ ಗಾಜಿನ ಮೇಲೆ ಹರಡಿದ ಕೈಯಿಂದ ಆದುದು.

ಸೂಕ್ಷ್ಮದರ್ಶಕವು ತೋರಿಸಲಾರದ್ದನ್ನೂ ಹೇಳುವುದು ನ್ಯಾಯ. ಹನಿಯೊಳಗೆ ಜೀವಿಗಳು ಕಾಣದಿದ್ದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ತೀರ್ಮಾನಿಸಕೂಡದು. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡು ಯಾವ ಮಸೂರಕ್ಕೂ ಕಾಣತಕ್ಕದ್ದಲ್ಲ. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ತನ್ನ ಕಣ್ಣಿನ ಎಲ್ಲೆಯನ್ನು ಅರಿಯುವುದೂ ವಿಜ್ಞಾನದ ಒಂದು ಪಾಠವೇ ಆಗಿದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆವು. ಮಕ್ಕಳ ಕೈಗೆ ಕೊಟ್ಟರೆ ಗಾಜು ಒಡೆಯುವುದೆನ್ನುವರು. ಕವರ್ ಸ್ಲಿಪ್ಪುಗಳು ಒಡೆಯುವುದು ನಿಜ. ಅವು ಒಡೆಯುವುದಕ್ಕಾಗಿಯೇ ಡಬ್ಬಿಗಟ್ಟಲೆ ಬರುತ್ತವೆ. ಮಸೂರವು ಒಡೆಯದಂತಿರಲು ಒಂದೇ ನಿಯಮ ಸಾಕು: ಯಾವಾಗಲೂ ಕಿರಿಯ ಮಸೂರದಿಂದ ಪ್ರಾರಂಭಿಸತಕ್ಕದ್ದು; ಹಿರಿಯ ಮಸೂರವನ್ನು ಪಕ್ಕದಿಂದ ನೋಡುತ್ತ ಸ್ಲೈಡಿನ ಹತ್ತಿರಕ್ಕೆ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತ ನೋಟವನ್ನು ಹೊಂದಿಸತಕ್ಕದ್ದು. ಮಸೂರವನ್ನು ಸೆರಗಿನಿಂದಾಗಲಿ ದುಪಟ್ಟಾದಿಂದಾಗಲಿ ಒರೆಸಬಾರದು. ನಮ್ಮ ಬಯಲುಸೀಮೆಯ ಧೂಳೇ ಅದನ್ನು ಗೀಚುವುದು. ಬ್ಲೇಡಿನ ಕೆಲಸವು ಹಿರಿಯರ ಕಣ್ಣೆದುರಿನಲ್ಲಿ ನಡೆಯಲಿ. ಕೊಳಚೆ ನೀರನ್ನು ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯಲಿ. ಬೆರಳನ್ನು ಚುಚ್ಚಿ ರಕ್ತವನ್ನು ನೋಡುವ ಹವ್ಯಾಸವು ಬೇಡವೇ ಬೇಡ.

ಇನ್ನು ಕೆಲವರು, ಇವೆಲ್ಲವೂ ಮೊಬೈಲಿನಲ್ಲಿ ಇದಕ್ಕಿಂತ ಅಂದವಾಗಿ ಕಾಣುತ್ತವಲ್ಲಾ ಎನ್ನುವರು. ಕಾಣುತ್ತವೆ, ಸಂದೇಹವಿಲ್ಲ. ಆದರೆ ಅದು ಇನ್ನೊಬ್ಬರು ನೋಡಿ ಆರಿಸಿ ಕೊಟ್ಟ ನೋಟ. ಗುಳ್ಳೆ ಯಾವುದು, ಧೂಳು ಯಾವುದು, ಜೀವ ಯಾವುದು ಎಂದು ತಾನೇ ವಿವೇಚಿಸಿದ ಹುಡುಗಿಗೆ, ಮುಂದೆ ಲೋಕದ ಮಾತುಗಳಲ್ಲಿಯೂ ಗುಳ್ಳೆಯನ್ನು ಗುಳ್ಳೆಯೆಂದು ತಿಳಿಯುವ ಶಕ್ತಿ ಬರುವುದು. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳೆಷ್ಟು ಎಂದು ಕೇಳುವ ತಂದೆತಾಯಿಗಳಿಗೆ ಹೇಳತಕ್ಕದ್ದೂ ಇದೇ.

ತಲಚೇರಿಯಲ್ಲಿ 1897ರಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟ್ ಶಾಲೆಯಲ್ಲಿ ಓದಿದ ಜಾನಕಿ ಅಮ್ಮಾಳ್ ಎಂಬಾಕೆಯು ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ಕೋಶಗಳೊಳಗಿನ ವರ್ಣತಂತುಗಳನ್ನು ಅವರು ಪರಿಶೀಲಿಸಿದರು. ಬೆಳೆಗಿಡಗಳ ವರ್ಣತಂತುಗಳನ್ನು ಕುರಿತು ಡಾರ್ಲಿಂಗ್‌ಟನ್ ಅವರೊಡನೆ ಅವರು ರಚಿಸಿದ ಗ್ರಂಥವು 1945ರಲ್ಲಿ ಹೊರಬಂದಿತು. ಅವರ ಇಡೀ ಜೀವಿತದ ಕೆಲಸವು ಗಾಜಿನ ಪಟ್ಟಿಯ ಮೇಲಣ ಒಂದು ಹನಿಯೊಳಗೆ ನಡೆಯಿತು. ನಮ್ಮ ತರಗತಿಗಳಲ್ಲಿ ಇಂಥ ಕಣ್ಣುಳ್ಳ ಬಾಲಿಕೆಯರು ಇಲ್ಲವೆಂದು ಯಾರು ಹೇಳಬಲ್ಲರು? ಬೀಗ ಹಾಕಿದ ಬೀರುವಿನ ಮುಂದೆ ಅವರು ಹಾಗೆಯೇ ಹಾದುಹೋದರೆ ನಷ್ಟವು ಅವರೊಬ್ಬರದೇ ಅಲ್ಲ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಶಾಲೆಗೆ ಕಾಣಿಕೆ ಕೊಡುವ ಮನಸ್ಸಾದಾಗ ಒಂದು ಬೆಲೆಯುಳ್ಳ ಯಂತ್ರಕ್ಕೆ ಬದಲು, ಆರು ಸಾಧಾರಣ ಯಂತ್ರಗಳನ್ನೂ, ಆರು ದೀಪಗಳನ್ನೂ, ಎಣಿಸದೆ ಬಳಸುವಷ್ಟು ಗಾಜುಗಳನ್ನೂ ಕೊಡಿರಿ. ಪೋಷಕರು ರಜೆಯ ದಿನಗಳಲ್ಲಿ ಕಿಟಕಿಯ ಬಳಿ ಒಂದು ಮೇಜನ್ನು ಮಗಳಿಗೆ ಬಿಟ್ಟುಕೊಡಿರಿ. ಉಪಾಧ್ಯಾಯಿನಿಯರು ಬೀರುವಿನ ಬೀಗದ ಕೈಯನ್ನು ವಾರಕ್ಕೊಮ್ಮೆಯಾದರೂ ಮೇಲ್ತರಗತಿಯ ಬಾಲಿಕೆಯರ ಕೈಗೆ ಕೊಡಲಿ. "ಕಂಡಿತು" ಎಂದು ಸುಮ್ಮನೆ ಸರಿಯುವ ಬಾಲಿಕೆಯರ ಸಾಲು ಹೋಗಿ, "ಇದೇನು? ಹೀಗೇಕೆ?" ಎಂದು ಕೇಳುವ ಬಾಲಿಕೆಯರ ಗುಂಪು ಆ ಯಂತ್ರಗಳ ಸುತ್ತಲೂ ನೆರೆಯಲಿ.